ಹೆಸರನ್ನು ಕಿವಿಯಿಂದಲೂ ಹುಡುಕಿ

ಹೊಸ ತಂತ್ರಾಂಶಕ್ಕೆ ಹೆಸರು ಗೊತ್ತುಮಾಡಿಕೊಂಡು ಸಲಹೆಗೆ ಬರುವವರಲ್ಲಿ ಹೆಚ್ಚಿನವರು ಎರಡು ಸಂಗತಿಗಳನ್ನು ಭರವಸೆಯಿಂದ ಹೇಳುತ್ತಾರೆ: ಡೊಮೈನ್ (ಜಾಲತಾಣದ ವಿಳಾಸ) ಸಿಕ್ಕಿದೆ, ಕಂಪನಿಯ ಹೆಸರೂ ನೋಂದಣಿಯಾಗಿದೆ. ಇವೆರಡರಿಂದಲೂ ಟ್ರೇಡ್‌ಮಾರ್ಕ್ ಹಕ್ಕು ಹುಟ್ಟುವುದಿಲ್ಲ. ಕಂಪನಿಯ ಹೆಸರು ತನ್ನ ನೋಂದಾಯಿತ ಟ್ರೇಡ್‌ಮಾರ್ಕ್‌ಗೆ ತೀರ ಹತ್ತಿರವಾಗಿದೆಯೆಂದು ಆ ಟ್ರೇಡ್‌ಮಾರ್ಕ್‌ನ ಮಾಲೀಕರು, ಕಂಪನಿಗೆ ಆ ಹೆಸರು ನೋಂದಣಿಯಾದ 3 ವರ್ಷಗಳೊಳಗೆ ಅರ್ಜಿ ಹಾಕಿದರೆ, 2013ರ ಕಂಪನಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಹೆಸರು ಬದಲಿಸಲು ಆದೇಶ ಬರಬಹುದು.

ಡೊಮೈನ್ ವಿಷಯದಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲೇ ಆರಂಭವಾದ ಒಂದು ವ್ಯಾಜ್ಯವನ್ನು ಗಮನಿಸಬೇಕು. ಸತ್ಯಂ ಇನ್ಫೋವೇ ತನ್ನ ಹೆಸರಿನ ಅಕ್ಷರಗಳಿಂದ ಕಟ್ಟಿಕೊಂಡ ‘ಸಿಫಿ’ ಎಂಬ ಪದವನ್ನು ಡೊಮೈನ್‌ಗಳಲ್ಲಿ ಬಳಸುತ್ತಿತ್ತು. ಸಿಫಿನೆಟ್ ಸಲ್ಯೂಷನ್ಸ್ ಎಂಬ ಇನ್ನೊಂದು ಸಂಸ್ಥೆ ಒಂದು ‘ಎಫ್’ ಹೆಚ್ಚಿಗೆ ಸೇರಿಸಿ, ಕೊನೆಗೆ ‘ನೆಟ್’ ಜೋಡಿಸಿ ತನ್ನ ಡೊಮೈನ್ ಪಡೆಯಿತು. ತನ್ನ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರಗಳಿಂದ ಆ ಪದ ಬಂದಿದೆ ಎಂಬುದು ಅದರ ಸಮರ್ಥನೆ. ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆರವುಗೊಳಿಸಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಊರ್ಜಿತಗೊಳಿಸಿತು. ಎರಡು ಪದಗಳ ಉಚ್ಚಾರಣೆ ಒಂದೇ ಬಗೆಯದಾಗಿರುವಾಗ ಕಾಗುಣಿತದ ವ್ಯತ್ಯಾಸವಾಗಲಿ, ಬಾಲದಂತೆ ಸೇರಿದ ‘ನೆಟ್’ ಆಗಲಿ ರಕ್ಷಣೆಗೆ ಬರಲಿಲ್ಲ.

ಆದ್ದರಿಂದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಸಾರ್ವಜನಿಕ ಹುಡುಕಾಟದಲ್ಲಿ ‘ವರ್ಡ್‌ಮಾರ್ಕ್’ ಎಂಬ, ಅಕ್ಷರಗಳಿಂದ ಹುಡುಕುವ ಆಯ್ಕೆಯೊಂದನ್ನೇ ನೋಡಿ ಬಿಟ್ಟರೆ ಕೆಲಸ ಅರ್ಧವಾದಂತೆ. ಉಚ್ಚಾರಣೆಯ ಹೋಲಿಕೆ ಹುಡುಕುವ ‘ಫೋನೆಟಿಕ್’ ಆಯ್ಕೆಯನ್ನೂ ಬಳಸಿ, ತಂತ್ರಾಂಶ ಬರುವ 9ನೇ ವರ್ಗದಲ್ಲೂ ತಂತ್ರಾಂಶ ಸೇವೆ ಬರುವ 42ನೇ ವರ್ಗದಲ್ಲೂ ಹುಡುಕಬೇಕು. ಕನ್ನಡದ ಹೆಸರಾದರೆ ರೋಮನ್ ಲಿಪಿಯಲ್ಲಿ ಅದನ್ನು ಬರೆಯಬಹುದಾದ ಎಲ್ಲ ರೀತಿಗಳನ್ನೂ, ದೀರ್ಘ ಸ್ವರಕ್ಕೆ ಒಂದು ‘ಎ’ ಮತ್ತು ಎರಡು ‘ಎ’ ಹಾಕಿ, ಪ್ರಯತ್ನಿಸುವುದು ಬೇಸರದ ಕೆಲಸವಾದರೂ ಅನಿವಾರ್ಯ. ‘ಅಬ್ಯಾಂಡನ್ಡ್’ ಎಂದು ಕಂಡ ಅರ್ಜಿಯನ್ನು ಸತ್ತ ಹೆಸರೆಂದು ತಿಳಿಯಬೇಡಿ: ಅರ್ಜಿ ಕೈಬಿಟ್ಟವರು ವ್ಯಾಪಾರ ಕೈಬಿಟ್ಟಿರಲಿಕ್ಕಿಲ್ಲ, ಮತ್ತು ನೋಂದಣಿಯಿಲ್ಲದೆಯೂ ಮೊದಲಿನಿಂದ ಬಳಸುತ್ತಿರುವವರು ‘ಪಾಸಿಂಗ್ ಆಫ್’ (ತಮ್ಮದೆಂದು ಜನ ತಪ್ಪು ತಿಳಿಯುವಂತೆ ಬೇರೆಯವರು ಸರಕು ಮಾರುತ್ತಿದ್ದಾರೆ ಎಂಬ) ದಾವೆ ಹೂಡಬಹುದು.

ಹಾಗೆಂದು ಹೋಲಿಕೆ ಕಂಡಲ್ಲೆಲ್ಲ ಹಿಂಜರಿಯಬೇಕಾಗಿಲ್ಲ. ಕರ್ನಾಟಕ ಹಾಲು ಮಹಾಮಂಡಳದ ‘ನಂದಿನಿ’ ಮತ್ತು ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲ್‌ಗಳ ವ್ಯಾಜ್ಯದಲ್ಲಿ, ಸರಕು ಬೇರೆ, ಗುರುತಿನ ಒಟ್ಟು ನೋಟವೂ ಬೇರೆ ಎಂದು ಪರಿಗಣಿಸಿ ಸುಪ್ರೀಂ ಕೋರ್ಟ್ 2018ರಲ್ಲಿ ಹೋಟೆಲಿನ ಪರ ತೀರ್ಪಿತ್ತಿತು. ಹೋಟೆಲಿನ ನೋಂದಣಿಯಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೊರಗಿಟ್ಟಿತು. ಆದರೆ ಇಂಥ ಗೆಲುವಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಹೊಸ ಯೋಜನೆಗಳಿಗೆ ಇರುವುದು ಅಪರೂಪ.

ಉಚಿತವಾಗಿ ಹಂಚುವ ತಂತ್ರಾಂಶಕ್ಕೆ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ಫೈರ್‌ಫಾಕ್ಸ್ ಬ್ರೌಸರಿನ ಉದಾಹರಣೆಯೇ ಸಾಕು. 2002ರಲ್ಲಿ ಅದು ‘ಫೀನಿಕ್ಸ್’ ಆಗಿತ್ತು. ಫೀನಿಕ್ಸ್ ಟೆಕ್ನಾಲಜೀಸ್‌ನ ಟ್ರೇಡ್‌ಮಾರ್ಕ್ ಅಡ್ಡಬಂದು 2003ರಲ್ಲಿ ‘ಫೈರ್‌ಬರ್ಡ್’ ಆಯಿತು. ಆ ಹೆಸರಿನಲ್ಲಿ ಮುಕ್ತ ಡೇಟಾಬೇಸ್ ಯೋಜನೆಯೊಂದು ಮೊದಲೇ ಇದ್ದು, ಅದರವರು ಪ್ರತಿಭಟಿಸಿದ್ದರಿಂದ 2004ರ ಫೆಬ್ರವರಿಯಲ್ಲಿ ಮೂರನೆಯ ಹೆಸರು ಬಂತು. ಎರಡನೆಯ ತಕರಾರು ಎತ್ತಿದ್ದು ಮುಕ್ತ ತಂತ್ರಾಂಶದ ಬಳಗವೇ ಎಂಬುದನ್ನು ಗಮನಿಸಿ. ರಿಜಿಸ್ಟ್ರಿಯ ಜೊತೆಗೆ ಕೋಡ್ ಭಂಡಾರಗಳನ್ನೂ ಆ್ಯಪ್ ಅಂಗಡಿಗಳನ್ನೂ ಜಾಲಾಡಬೇಕು.

ಹೆಸರು ನಿಚ್ಚಳವಾಗಿ ಕಂಡರೆ, ಬಳಕೆ ಶುರುವಾಗುವ ಮೊದಲೇ ‘ಬಳಸುವ ಉದ್ದೇಶವಿದೆ’ ಎಂದು ಅರ್ಜಿ ಹಾಕಲು ಅವಕಾಶವಿದೆ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಬಳಕೆ ಆರಂಭವಾದ ಮೇಲೆ ಮೊದಲ ಬಿಡುಗಡೆಯ ದಿನಾಂಕ, ಬಿಲ್ಲು, ಜಾಹೀರಾತುಗಳನ್ನು ಕಡತದಲ್ಲಿಡಿ. ಆಕ್ಷೇಪ ಬಂದಾಗ ಮೊದಲು ಕೇಳುವುದು ಇವನ್ನೇ.