‘ದೇವರ ಚಿತ್ತ’ ಎಂದರೆ ಏನು, ಏನಲ್ಲ

ಕಾರವಾರದಿಂದ ಭಟ್ಕಳದವರೆಗಿನ ಕ್ರೈಸ್ತ ಮನೆಗಳಲ್ಲಿ ನಿಶ್ಚಯವಾದ ಮದುವೆ ಮುರಿದರೂ, ಮಗನ ಗಲ್ಫ್ ವೀಸಾ ಕೈತಪ್ಪಿದರೂ, ಹರೆಯದವರು ಅಕಾಲದಲ್ಲಿ ತೀರಿಕೊಂಡರೂ ಹಿರಿಯರು ಒಂದು ಮಾತು ಆಡುತ್ತಾರೆ. ಕೊಂಕಣಿಯಲ್ಲಿ ‘ದೆವಾಚಿ ಖುಶಿ’, ಕನ್ನಡದಲ್ಲಿ ‘ದೇವರ ಚಿತ್ತ’. ಆಡುವವರು ಸಮಾಧಾನಕ್ಕೆಂದೇ ಆಡುತ್ತಾರೆ. ಕೇಳಿದವರಲ್ಲಿ ಕೆಲವರಿಗೆ ‘ಹಾಗಾದರೆ ನನ್ನ ಮಗುವನ್ನು ದೇವರೇ ಕೊಂದನೇ?’ ಎಂಬ ಪ್ರಶ್ನೆ ವರ್ಷಗಟ್ಟಲೆ ಒಳಗೇ ಉಳಿದುಬಿಡುತ್ತದೆ. ಆದ್ದರಿಂದ ಈ ಪದ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದು ಚಿಕ್ಕ ವಿಷಯವಲ್ಲ.

ದೇವರ ಚಿತ್ತವೆಂದರೆ ದೇವರು ತನ್ನ ಸೃಷ್ಟಿಗಾಗಿ ಬಯಸುವ ಒಳಿತು. ನಡೆದುಹೋದದ್ದಕ್ಕೆಲ್ಲ ಹಚ್ಚುವ ಹೆಸರು ಅದಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಇದಕ್ಕೆ ಆಧಾರವಿದೆ: ನಿನ್ನ ಚಿತ್ತ ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲೂ ನೆರವೇರಲಿ ಎಂದು ನಾವು ಬೇಡುತ್ತೇವೆ. ನಡೆಯುವುದೆಲ್ಲವೂ ಆಗಲೇ ದೇವರ ಚಿತ್ತವಾಗಿದ್ದರೆ ಅದು ನೆರವೇರಲಿ ಎಂದು ದಿನವೂ ಬೇಡುವ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾಗಿ ಧರ್ಮಸಭೆಯ (ಕ್ಯಾಥೋಲಿಕ್ ಚರ್ಚ್‌ನ) ಬೋಧನೆ ಎರಡು ಸಂಗತಿಗಳನ್ನು ಬೇರ್ಪಡಿಸುತ್ತದೆ: ದೇವರು ಬಯಸುವುದು, ದೇವರು ಆಗಗೊಡುವುದು. ನ್ಯಾಯ, ಕರುಣೆ, ಎಲ್ಲರ ರಕ್ಷಣೆ ಇವು ಆತ ಬಯಸುವಂಥವು. ಕೊಲೆ, ಮೋಸ, ಕುಡಿದು ಗಾಡಿ ಓಡಿಸಿದವನಿಂದಾದ ಸಾವು ಇವನ್ನು ಆತ ಬಯಸುವುದಿಲ್ಲ. ಮನುಷ್ಯನಿಗೆ ಕೊಟ್ಟ ಸ್ವಾತಂತ್ರ್ಯವನ್ನು ಹಿಂದಕ್ಕೆ ಪಡೆಯದ ಕಾರಣ ಅವು ಆಗುತ್ತವೆ. ಕ್ರೈಸ್ತನ ಭರವಸೆ ಇರುವುದು ಇದರ ಮುಂದಿನ ಮಾತಿನಲ್ಲಿ: ಆಗಬಾರದ್ದು ಆದಮೇಲೂ ದೇವರು ಕೈಬಿಡುವುದಿಲ್ಲ, ಕೇಡಿನಿಂದಲೂ ಒಳಿತನ್ನು ತೆಗೆಯಬಲ್ಲ. ಶಿಲುಬೆಯೇ ಇದಕ್ಕೆ ಸಾಕ್ಷಿ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ದ್ರೋಹ ದ್ರೋಹವೇ, ಆತನನ್ನು ಶಿಲುಬೆಗೆ ಒಪ್ಪಿಸಿದ ಅಧಿಪತಿ ಪಿಲಾತನ ಹೇಡಿತನ ಹೇಡಿತನವೇ. ಪುನರುತ್ಥಾನ ಅವುಗಳನ್ನು ಸರಿಯೆಂದು ಮಾಡಲಿಲ್ಲ, ಅವುಗಳನ್ನು ಗೆದ್ದಿತು. ಹಣೆಬರಹಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಹಣೆಬರಹದ ಹಿಂದೆ ನಮ್ಮನ್ನು ಪ್ರೀತಿಸುವವರು ಯಾರೂ ಇಲ್ಲ.

ಈ ಭರವಸೆಗೆ ಎಲ್ಲರೂ ಕೊಡುವ ಉದಾಹರಣೆ ಯೋಸೇಫನದು. ಅಣ್ಣಂದಿರು ಅವನನ್ನು ಬಾವಿಗೆ ಎಸೆದು, ಆಮೇಲೆ ಮಾರಿಬಿಟ್ಟರು; ಐಗುಪ್ತದಲ್ಲಿ ಆಳಾಗಿ, ಸೆರೆಯಾಳಾಗಿ, ಕೊನೆಗೆ ಅವನು ಅಧಿಕಾರಿಯಾದ. ‘ನೀವು ನನಗೆ ಕೇಡೆಣಿಸಿದಿರಿ, ದೇವರೋ ಒಳಿತನ್ನೇ ಎಣಿಸಿದನು’ ಎಂದು ಅವನು ಅಣ್ಣಂದಿರಿಗೆ ಹೇಳುತ್ತಾನೆ (ಆದಿಕಾಂಡ 50:20). ಈ ವಚನವನ್ನು ಉದ್ಧರಿಸುವವರು ಅದರ ಕಾಲವನ್ನು ಮರೆಯುತ್ತಾರೆ. ಕಥೆಯ ಆರಂಭದಲ್ಲಿ ಅವನಿಗೆ 17 ವರ್ಷ. ಫರೋಹನ ಮುಂದೆ ನಿಂತಾಗ 30. ಏಳು ವರ್ಷದ ಸುಭಿಕ್ಷ, ಎರಡು ವರ್ಷದ ಬರ ಕಳೆದ ಮೇಲೆ ತಂದೆ ಯಾಕೋಬ ಐಗುಪ್ತಕ್ಕೆ ಬರುತ್ತಾನೆ. ಅಲ್ಲಿ 17 ವರ್ಷ ಬಾಳಿ ಸಾಯುತ್ತಾನೆ. ಆ ಸಾವಿನ ನಂತರ ಬರುವ ಮಾತಿದು. ಲೆಕ್ಕ ಹಾಕಿದರೆ ಬಾವಿಗೆ ಎಸೆದ ದಿನದಿಂದ ಸುಮಾರು 39 ವರ್ಷ. ಬಾವಿಯಲ್ಲಿದ್ದಾಗ ಅವನಿಗೆ ಯಾರೂ ಅದನ್ನು ಹೇಳಲಿಲ್ಲ, ಸೆರೆಮನೆಯಲ್ಲೂ ಹೇಳಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಹೇಳಿದವನು ನೋವುಂಡವನೇ. ಮಾರಿದ ಅಣ್ಣಂದಿರು ‘ಎಲ್ಲ ಒಳ್ಳೆಯದಕ್ಕೇ ಆಯಿತಲ್ಲ’ ಎಂದಿದ್ದರೆ ಅದೇ ಮಾತು ಕ್ರೌರ್ಯವಾಗುತ್ತಿತ್ತು. ಒಬ್ಬರ ಬದುಕಿನಲ್ಲಿ ದೇವರ ಉದ್ದೇಶ ಇಂಥದ್ದು ಎಂದು ಹೇಳುವ ಹಕ್ಕು ಮೊದಲು ಆ ಬದುಕನ್ನು ಬಾಳಿದವರದು.

ಯೆರೆಮೀಯ 29:11ಕ್ಕೂ ಇಂಥದೇ ಗತಿಯಾಗಿದೆ. ‘ನಿಮಗಾಗಿ ನನಗಿರುವ ಆಲೋಚನೆಗಳು ಹಿತದವು, ಕೇಡಿನವಲ್ಲ’ ಎಂಬ ಅರ್ಥದ ಆ ವಚನ ಕ್ಯಾಲೆಂಡರ್‌ಗಳಲ್ಲಿ, ಪರೀಕ್ಷೆಗೆ ಹೊರಟ ಮಕ್ಕಳ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದ ಒಂದು ಸಾಲು. ಹಿಂದಿನ ವಚನದಲ್ಲಿಯೇ ‘70 ವರ್ಷ ತುಂಬಿದ ಮೇಲೆ’ ಎಂದಿದೆ. ಪತ್ರ ಓದಿದ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳಲಾರರು. ಅಲ್ಲಿಯವರೆಗೆ ಏನು ಮಾಡಬೇಕೆಂಬುದೂ ಪತ್ರದಲ್ಲಿದೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮದುವೆಯಾಗಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ದೇವರ ಉದ್ದೇಶವನ್ನು ನಂಬುವುದೆಂದರೆ ಕೈಕಟ್ಟಿ ಕಾಯುವುದಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ಸಿಗದು.

ಪ್ರಕೃತಿ ವಿಕೋಪದಲ್ಲಿ ಇನ್ನೊಂದು ತಪ್ಪು ತಲೆಯೆತ್ತುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರಲ್ಲಿದ್ದವರು ಮಣ್ಣಿನಡಿಗೆ, ಗಂಗಾವಳಿ ಹೊಳೆಗೆ ಸಿಕ್ಕಿ ಸತ್ತರು. ಇಂಥ ಹೊತ್ತಿನಲ್ಲಿ ‘ಯಾವ ಪಾಪಕ್ಕೋ ಈ ಶಿಕ್ಷೆ’ ಎನ್ನುವವರು ಯಾವ ಧರ್ಮದಲ್ಲೂ ಇರುತ್ತಾರೆ. ಯೇಸುವಿನ ಕಾಲದಲ್ಲೂ ಇದ್ದರು. ಸಿಲೋವದಲ್ಲಿ ಗೋಪುರ ಬಿದ್ದು 18 ಮಂದಿ ಸತ್ತದ್ದನ್ನು ಆತನೇ ಎತ್ತಿಕೊಂಡು, ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಲ್ಲ ಎಂದು ಖಚಿತವಾಗಿ ಹೇಳಿದ (ಲೂಕ 13:4–5). ಬದುಕಿದವರು ತಮ್ಮ ಮನಸ್ಸು ತಿರುಗಿಸಿಕೊಳ್ಳಲಿ ಎಂದನೇ ಹೊರತು ಸತ್ತವರ ಮೇಲೆ ತೀರ್ಪು ಕೊಡಲಿಲ್ಲ. ಗುಡ್ಡ ಯಾಕೆ ಕುಸಿಯಿತೆಂಬುದನ್ನು ಭೂವಿಜ್ಞಾನಿಗಳನ್ನೂ ರಸ್ತೆ ಕಟ್ಟುವವರನ್ನೂ ಕೇಳಬೇಕು. ಹಾಗೆ ಕೇಳುವುದು ಅವಿಶ್ವಾಸವಲ್ಲ.

ಭರವಸೆಗೂ ದೇವರನ್ನು ಪರೀಕ್ಷಿಸುವುದಕ್ಕೂ ಇರುವ ಗೆರೆಯನ್ನು ಕಡಲ ಕೆಲಸದವರು ಚೆನ್ನಾಗಿ ಬಲ್ಲರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಿಷೇಧ ಮುಗಿದ ಮೇಲೂ ಗಾಳಿಯ ಮುನ್ನೆಚ್ಚರಿಕೆ ಬಂದರೆ ಬೋಟು ಬಂದರಿನಲ್ಲೇ ನಿಲ್ಲುತ್ತದೆ. ‘ಜಪಸರ ಇದೆ, ಏನೂ ಆಗದು’ ಎಂದು ಹೊರಟರೆ ಅದು ದೇವಾಲಯದ ತುದಿಯಿಂದ ಧುಮುಕು ಎಂದ ಸೈತಾನನ ಸಲಹೆಯೇ. ‘ನಿನ್ನ ದೇವರನ್ನು ಪರೀಕ್ಷಿಸಬಾರದು’ ಎಂದು ಯೇಸು ಅದನ್ನು ತಳ್ಳಿಹಾಕಿದ (ಮತ್ತಾಯ 4:7). ಮಾತ್ರೆ ನಿಲ್ಲಿಸಿ ಬರೀ ಪ್ರಾರ್ಥನೆ ಮಾಡಿ ಎನ್ನುವವರ ಮಾತೂ ಇದೇ ಜಾತಿಯದು.

ಇನ್ನು, ಮುಂದಿನ ಹೆಜ್ಜೆಗೆ ದೇವರ ಚಿತ್ತ ತಿಳಿಯುವುದು ಹೇಗೆ? ಚಂದಾವರದ ಇಗರ್ಜಿಯಿಂದಾಗಿ ಈ ಭಾಗದವರಿಗೆ ಸಂತ ಫ್ರಾನ್ಸಿಸ್ ಝೇವಿಯರ್ ಪರಿಚಿತರು. ಪ್ಯಾರಿಸ್‌ನಲ್ಲಿ ಅವರ ಜೊತೆಗಾರರಾಗಿದ್ದ ಲೊಯೋಲಾದ ಸಂತ ಇಗ್ನೇಷಿಯಸ್ (1491–1556) ಇದಕ್ಕೊಂದು ಕ್ರಮ ಹಾಕಿಕೊಟ್ಟಿದ್ದಾರೆ. ಹೊನ್ನಾವರದ ಒಬ್ಬ ನರ್ಸ್‌ಗೆ ಕುವೈತಿನಲ್ಲಿ ಕೆಲಸ ಸಿಕ್ಕಿದೆ, ಮನೆಯಲ್ಲಿ ಕಾಯಿಲೆಯ ತಾಯಿ ಇದ್ದಾಳೆ ಎಂದಿಟ್ಟುಕೊಳ್ಳಿ. ಎರಡೂ ದಾರಿ ಒಳ್ಳೆಯವೇ ಆಗಿರಬೇಕು, ಅದು ಮೊದಲ ಷರತ್ತು. ಪಾಪವನ್ನು ಆಯ್ಕೆಯ ತಕ್ಕಡಿಯಲ್ಲಿ ಇಡುವಂತಿಲ್ಲ. ಬಳಿಕ ವಾಸ್ತವ ಸಂಗತಿಗಳನ್ನು ಕೂಡಿಸಬೇಕು: ಸಂಬಳ, ಕರಾರಿನ ಅವಧಿ, ಏಜೆಂಟ್ ಕೇಳುವ ಹಣ, ತಾಯಿಯನ್ನು ನೋಡಿಕೊಳ್ಳುವವರು. ನಂತರ ‘ಹೋದರೂ ಸರಿ, ಉಳಿದರೂ ಸರಿ, ನಿನಗೆ ಮೆಚ್ಚುಗೆಯಾಗಲಿ’ ಎನ್ನುವ ಸಮಚಿತ್ತ ಬರುವವರೆಗೆ ಪ್ರಾರ್ಥನೆ. ಇದೇ ಕಷ್ಟದ ಭಾಗ, ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. ಆಮೇಲೆ ಕಾಗದದ ಮೇಲೆ ನಾಲ್ಕು ಪಟ್ಟಿ: ಹೋದರೆ ಲಾಭ, ಹೋದರೆ ತೊಂದರೆ, ಉಳಿದರೆ ಲಾಭ, ಉಳಿದರೆ ತೊಂದರೆ. ಸಾಲುಗಳ ಎಣಿಕೆಯಲ್ಲ, ತೂಕ ಮುಖ್ಯ. ಅಪರಿಚಿತರೊಬ್ಬರು ಇದೇ ಪ್ರಶ್ನೆ ತಂದರೆ ಏನು ಹೇಳುತ್ತಿದ್ದೆ, ಸಾಯುವ ಹೊತ್ತಿಗೆ ಯಾವುದನ್ನು ಆರಿಸಿದ್ದರೆ ಚೆನ್ನಾಗಿತ್ತು ಅನ್ನಿಸೀತು ಎಂದೂ ಕೇಳಿಕೊಳ್ಳಬೇಕು. ತೀರ್ಮಾನವನ್ನು ಮತ್ತೆ ಪ್ರಾರ್ಥನೆಯಲ್ಲಿ ದೇವರ ಮುಂದಿಡಬೇಕು.

ಇಗ್ನೇಷಿಯಸ್‌ರ ಇನ್ನೊಂದು ನಿಯಮ ಚಿನ್ನದಂಥದು: ಮನಸ್ಸು ಕುಗ್ಗಿ, ಪ್ರಾರ್ಥನೆ ಒಣಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡಿ. ಕೆಟ್ಟುಹೋಗುವ ತೀರ್ಮಾನಗಳಲ್ಲಿ ಬಹಳಷ್ಟು ಇಂಥ ರಾತ್ರಿಗಳಲ್ಲೇ ಆಗುತ್ತವೆ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ಉತ್ತರವೆನ್ನುವುದು, ಮಂಗಳವಾರದೊಳಗೆ ಫೋನ್ ಬಂದರೆ ದೇವರ ಚಿತ್ತ ಎಂದು ಗಡುವು ಹಾಕುವುದು, ‘ನೀನು ಇವರನ್ನೇ ಮದುವೆಯಾಗಬೇಕೆಂದು ದೇವರು ನನಗೆ ತಿಳಿಸಿದ್ದಾನೆ’ ಎನ್ನುವ ಬೋಧಕರಿಗೆ ಒಪ್ಪಿಬಿಡುವುದು, ಈ ಮೂರನ್ನೂ ದೂರವಿಡಿ.

ಇಷ್ಟಾಗಿಯೂ ತಪ್ಪು ತೀರ್ಮಾನ ಆಗಬಹುದು. ಕರುಣೆ ಎಂಬುದು ಇಲ್ಲಿ ಬೇಕಾಗುತ್ತದೆ. ಒಂದು ತಪ್ಪು ಹೆಜ್ಜೆಯಿಂದ ದೇವರ ಯೋಜನೆ ಕೈಜಾರಿಹೋಯಿತು, ಇನ್ನು ಉಳಿದದ್ದು ಎರಡನೇ ದರ್ಜೆಯ ಬದುಕು ಎಂದು ಕೊರಗುವವರಿದ್ದಾರೆ. ಹಾಗಿದ್ದರೆ ಮೂರು ಸಲ ಯೇಸುವನ್ನು ಅಲ್ಲಗಳೆದ ಪೇತ್ರನಿಗೆ ‘ನನ್ನ ಕುರಿಗಳನ್ನು ಮೇಯಿಸು’ ಎಂಬ ಹೊಣೆ ಸಿಗುತ್ತಿರಲಿಲ್ಲ. ಅನೇಕ ಮನೆಗಳಲ್ಲಿ ತೂಗಿಹಾಕಿರುವ ದೈವಿಕ ಕರುಣೆಯ ಚಿತ್ರ, ಎದೆಯಿಂದ ಕೆಂಪು ಮತ್ತು ತಿಳಿ ಬಣ್ಣದ ಕಿರಣ ಹೊಮ್ಮುವ ಯೇಸು, ಪೋಲೆಂಡಿನ ಸಂತ ಫೌಸ್ತಿನಾ (1905–1938) ಅವರ ದರ್ಶನದಿಂದ ಬಂದದ್ದು. ಅದರ ಅಡಿಯ ಬರಹ ‘ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ’ ಎಂದಷ್ಟೇ. ನನಗೆ ಅರ್ಥವಾಗಿದೆ ಎಂದಲ್ಲ.

ಅರ್ಥವಾಗದಿದ್ದಾಗ ದೂರುವುದಕ್ಕೂ ಅವಕಾಶವಿದೆ. 13ನೆಯ ಕೀರ್ತನೆ ‘ಎಲ್ಲಿಯ ತನಕ?’ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಸೆರೆಯಾಗುವ ಮುನ್ನ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ‘ಈ ಪಾತ್ರೆ (ಬರಲಿರುವ ಯಾತನೆ) ನನ್ನಿಂದ ತೊಲಗಲಿ’ ಎಂದು ಬೇಡಿದ, ಮೂರು ಸಲ ಬೇಡಿದ. ‘ನಿನ್ನ ಚಿತ್ತದಂತೆ’ ಎಂಬುದು ಆ ಬೇಡಿಕೆಯ ಜೊತೆಗೇ ಬಂತು, ಅದರ ಬಾಯಿ ಮುಚ್ಚಿಸಲಿಲ್ಲ.

ಸಾವಿನ ಮನೆಗೆ ಹೋಗುವವರು, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಬೈಬಲ್‌ನ ಯೋಬನ ಗೆಳೆಯರನ್ನು ನೆನಪಿಟ್ಟುಕೊಳ್ಳಲಿ. ಏಳು ಹಗಲು ಏಳು ರಾತ್ರಿ ಅವನೊಂದಿಗೆ ಸುಮ್ಮನೆ ನೆಲದ ಮೇಲೆ ಕೂತಿದ್ದಾಗ ಅವರು ಸರಿಯಾಗಿಯೇ ಇದ್ದರು. ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟರು, ಕೊನೆಗೆ ದೇವರ ಕೋಪಕ್ಕೂ ಗುರಿಯಾದರು (ಯೋಬ 42:7). ‘ದೇವರ ಚಿತ್ತ’ ಎಂಬ ಮಾತನ್ನು ಮನೆಯವರೇ ಆಡಿದರೆ ಅವರೊಂದಿಗೆ ತಲೆಯಾಡಿಸಿ, ನೀವಾಗಿ ಎತ್ತಬೇಡಿ. ಜಪಸರಕ್ಕೆ ದನಿಗೂಡಿಸಿ, ಗಂಜಿ, ಚಹಾದ ವ್ಯವಸ್ಥೆ ನೋಡಿ, ಸತ್ತವರ ಹೆಸರು ಹೇಳಿ ಮಾತಾಡಿ. ಸಾವಿನ ತಿಂಗಳಿಗೆ ನಡೆಯುವ ಪೂಜೆ ಮುಗಿದ ಮೇಲೆ ಬರುವವರು ಕಡಿಮೆಯಾಗುತ್ತಾರೆ. ಮರಣ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಫೀ ಎಂದು ಓಡಾಟ ಶುರುವಾಗುವುದು ಆಗಲೇ. ಆ ವಾರಗಳಲ್ಲಿ ಮತ್ತೆ ಹೋಗಿ.