ಪ್ಯಾರಿಸ್ಸಿನ ಸರಾಸರಿ ದರಕ್ಕೆ ಯಾವ ಮನೆಯೂ ಸಿಗುವುದಿಲ್ಲ

ಕೆಲಸಕ್ಕೆಂದು ಪ್ಯಾರಿಸ್ಸಿಗೆ ಬಂದು ನಾಲ್ಕೈದು ವರ್ಷ ಕಳೆದ ಕನ್ನಡಿಗರು ಫ್ಲ್ಯಾಟ್ ಕೊಳ್ಳುವ ಯೋಚನೆಯಿಂದ ನನ್ನಲ್ಲಿಗೆ ಬಂದಾಗ, "18ನೆಯ ಅರೊಂದಿಸ್ಮಾದಲ್ಲಿ ಈಗ ಏನು ರೇಟು?" ಎಂದೇ ಮಾತು ಶುರುವಾಗುತ್ತದೆ. ಮನೆಗಳ ಮೌಲ್ಯಮಾಪನವೇ ವೃತ್ತಿಯಾದ ನನಗೆ ಅದಕ್ಕೆ ಒಂದೇ ಅಂಕಿಯ ಉತ್ತರ ಕೊಡಲಾಗುವುದಿಲ್ಲ. 1860ರಿಂದ ಈ ನಗರ ಅರೊಂದಿಸ್ಮಾ ಎಂಬ 20 ವಿಭಾಗಗಳಾಗಿ, ಪ್ರತಿಯೊಂದೂ ಕಾರ್ತಿಯೆ ಎಂಬ ನಾಲ್ಕು ಉಪವಿಭಾಗಗಳಾಗಿ, ಒಟ್ಟು 80 ತುಂಡುಗಳಾಗಿ ಹಂಚಿಹೋಗಿದೆ. ಮೊಂಮಾರ್ತ್ರ್ ಗುಡ್ಡದ ಇಳಿಜಾರಿನ ಅಬೆಸ್ ಮತ್ತು ಬಾರ್ಬೆಸ್ ಬೀದಿಯಾಚೆಯ ಗೂತ್ ದೋರ್ ಎರಡೂ ಅದೇ 18ರೊಳಗಿವೆ. ನಡುವೆ ಕಾಲು ಗಂಟೆಯ ನಡಿಗೆಯಾದರೂ, ಚದರ ಮೀಟರಿನ ದರದಲ್ಲಿ ಒಂದೆರಡು ಸಾವಿರ ಯೂರೊಗಳ ಅಂತರ ಸಾಮಾನ್ಯ.

ದರದ ಅಂಕಿಗಳು ಇಲ್ಲಿ ನೋಟರಿಗಳಿಂದ ಬರುತ್ತವೆ. ಕೋರ್ಟಿನ ಮುಂದೆ ಕುಳಿತು ಮುದ್ರೆ ಒತ್ತುವ ನಮ್ಮೂರಿನ ನೋಟರಿಯಲ್ಲ ಇವರು. ಕ್ರಯಪತ್ರ ಬರೆದು, ತೆರಿಗೆ ವಸೂಲು ಮಾಡಿ, ನೋಂದಣಿ ಮಾಡಿಸುವ ಅಧಿಕಾರಸ್ಥರು. ಆದ್ದರಿಂದ ಅಂಕಿ ನಂಬಿಕೆಗೆ ಅರ್ಹ, ಆದರೆ ಹಳತು. ಬೆಲೆ ಕುದುರಿ ಕರಾರಾದ ಮೇಲೆ ಕ್ರಯಪತ್ರವಾಗಲು ಸುಮಾರು ಮೂರು ತಿಂಗಳು ಬೇಕು, ಲೆಕ್ಕ ಪ್ರಕಟವಾಗಲು ಇನ್ನಷ್ಟು ಸಮಯ. 2020ರ ಕೊನೆಗೆ ನಗರದ ಸರಾಸರಿ ಚದರ ಮೀಟರಿಗೆ 10,800 ಯೂರೊಗಳ ಆಸುಪಾಸಿನಲ್ಲಿತ್ತು. 2024ರ ಕೊನೆಗೆ ಸುಮಾರು 9,500ಕ್ಕೆ ಇಳಿದಿತ್ತು. 2021ರಲ್ಲಿ ಶೇ 1ರ ಸುತ್ತಮುತ್ತಲಿದ್ದ ಗೃಹಸಾಲದ ಬಡ್ಡಿ 2023ರ ಕೊನೆಗೆ ಶೇ 4 ದಾಟಿದ್ದು, ಸಾಲದ ಕಂತು ಆದಾಯದ ಶೇ 35 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಬ್ಯಾಂಕುಗಳಿಗೆ ಕಡ್ಡಾಯವಾದದ್ದು, ಇವೆರಡೂ ಸೇರಿ ಕೊಳ್ಳುವವರ ಶಕ್ತಿ ಕುಗ್ಗಿಸಿದವು. ಮೊದಲು ಬಿದ್ದದ್ದು ಬೆಲೆಯಲ್ಲ, ಮಾರಾಟಗಳ ಸಂಖ್ಯೆ. ಮಾರುವವರು ಹಳೆಯ ಬೆಲೆಯನ್ನೇ ಹಿಡಿದು ಕುಳಿತಿದ್ದರು. ಇಂಥ ಹೊತ್ತಿನಲ್ಲಿ ಸರಾಸರಿ ಮೋಸ ಮಾಡುತ್ತದೆ: ಒಂದು ಕಾರ್ತಿಯೆಯಲ್ಲಿ ಆ ತ್ರೈಮಾಸಿಕ ಕೇವಲ ಚದರ ಮೀಟರಿನ ಲೆಕ್ಕದಲ್ಲಿ ದುಬಾರಿಯಾದ, ಒಂದೇ ಕೋಣೆಯ ಚೆಂದದ ಪುಟ್ಟ ಸ್ಟುಡಿಯೊಗಳು ಮಾರಾಟವಾದರೆ, ಯಾವ ಮನೆಯ ಬೆಲೆಯೂ ಏರದಿದ್ದರೂ ಚದರ ಮೀಟರಿನ ದರ ಏರಿದಂತೆ ಕಾಣುತ್ತದೆ.

ಆ ಚದರ ಮೀಟರೂ ನಮ್ಮ ಲೆಕ್ಕದ್ದಲ್ಲ. ಬೆಂಗಳೂರಿನ ಸೂಪರ್ ಬಿಲ್ಟ್‌ಅಪ್ ಏರಿಯಾದಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರುಗಳಿಗೂ ದುಡ್ಡು ಕೊಟ್ಟು ರೂಢಿಯಾದವರಿಗೆ ಮಾರುವ ಫ್ಲ್ಯಾಟಿನ ಅಳತೆಯನ್ನು ನಿಗದಿಪಡಿಸುವ 1996ರ ಕಾರೆಜ್ ಕಾನೂನು ಅಚ್ಚರಿ ತರುತ್ತದೆ. ಗೋಡೆಗಳು, ಬಾಲ್ಕನಿ, ನೆಲಮಾಳಿಗೆ ಯಾವುದೂ ಲೆಕ್ಕಕ್ಕಿಲ್ಲ, ಚಾವಣಿ 1.80 ಮೀಟರಿಗಿಂತ ತಗ್ಗಿದ ಜಾಗವೂ ಇಲ್ಲ. ಪತ್ರದಲ್ಲಿ ಬರೆದದ್ದಕ್ಕಿಂತ ನಿಜವಾದ ಅಳತೆ ಶೇ 5ನ್ನೂ ಮೀರಿ ಕಡಿಮೆಯಿದ್ದರೆ, ಕೊಂಡವರು ಒಂದು ವರ್ಷದೊಳಗೆ ಬೆಲೆಯಲ್ಲಿ ಅಷ್ಟು ಪಾಲನ್ನು ವಾಪಸು ಕೇಳಬಹುದು. 19ನೆಯ ಶತಮಾನದಲ್ಲಿ ಪ್ಯಾರಿಸ್ಸನ್ನು ಹೊಸದಾಗಿ ಕಟ್ಟಿಸಿದ ಓಸ್ಮಾನ್ ಕಾಲದ ಕಟ್ಟಡಗಳ ಆರನೆಯ ಮಹಡಿಯಲ್ಲಿ, ಸತುವಿನ ಛಾವಣಿಯ ಕೆಳಗಿರುವ ಹಿಂದಿನ ಕೆಲಸದಾಳುಗಳ ಕೋಣೆಗಳನ್ನು ಅಳೆಯುವಾಗ, ಓಡಾಡಲು 14 ಚದರ ಮೀಟರಿರುವ ಕೋಣೆ ಕಾಗದದಲ್ಲಿ 9 ಆಗಿಬಿಡುವುದನ್ನು ನಾನು ಕಂಡಿದ್ದೇನೆ. ಲಿಫ್ಟ್ ಇಲ್ಲದ ಕಾಲದಲ್ಲಿ ಸಿರಿವಂತರ ಮಹಡಿ ಎರಡನೆಯದು. ಲಿಫ್ಟ್ ಬಂದ ಮೇಲೆ ಬೆಳಕಿರುವ ಮೇಲಿನ ಮಹಡಿಗಳದ್ದೇ ದರಬಾರು.

ಈಚಿನ ವರ್ಷಗಳಲ್ಲಿ ಇವೆಲ್ಲಕ್ಕಿಂತ ಜೋರಾಗಿ ಬೆಲೆಯನ್ನು ಅಲುಗಿಸಿದ್ದು ಮನೆಯ ಶಕ್ತಿಬಳಕೆಗೆ ಕೊಡುವ ಶ್ರೇಣಿ: ಎ ಎಲ್ಲಕ್ಕಿಂತ ಉತ್ತಮ, ಜಿ ಎಲ್ಲಕ್ಕಿಂತ ಕಳಪೆ. ಜಿ ಶ್ರೇಣಿಯ ಮನೆಯನ್ನು 2025ರ ಜನವರಿಯಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಎಫ್‌ಗೆ 2028, 'ಇ' ಶ್ರೇಣಿಗೆ 2034 ಗಡುವು. ಒಂದೇ ಕಟ್ಟಡದ, ಒಂದೇ ಅಳತೆಯ ಎರಡು ಮನೆಗಳು ಈ ಒಂದಕ್ಷರದಿಂದ ಬೇರೆ ಬೇರೆ ಬೆಲೆಗೆ ಹೋಗುತ್ತವೆ. 2024ರ ಜುಲೈಯಲ್ಲಿ 40 ಚದರ ಮೀಟರಿಗಿಂತ ಚಿಕ್ಕ ಮನೆಗಳ ಮಾನದಂಡ ಸಡಿಲಿಸಿದಾಗ, ಒಂದು ಕಿಟಕಿಯನ್ನೂ ಬದಲಿಸದೆ ಅನೇಕ ಸ್ಟುಡಿಯೊಗಳು ಶ್ರೇಣಿ ಏರಿದವು! ಹಳೆಯ ಪ್ರಮಾಣಪತ್ರ ತೋರಿಸಿ ಚೌಕಾಸಿಗಿಳಿದವರು ಪೆಚ್ಚಾದರು.

ಆದ್ದರಿಂದ 18ನೆಯ ಅರೊಂದಿಸ್ಮಾದ ರೇಟು ಕೇಳಿದವರಿಗೆ ನಾನು ತಿರುಗಿ ಕೇಳುವುದು ಮನೆಯ ವಿಳಾಸ, ಮಹಡಿ ಮತ್ತು ಮಾಲೀಕರ ಸಂಘದ ಕೊನೆಯ ಮೂರು ವರ್ಷಗಳ ಸಭಾ ನಡವಳಿ. ಛಾವಣಿ ದುರಸ್ತಿಗೆ ಮತ ಬಿದ್ದಿದೆಯೇ ಎಂಬುದು ಅದರಲ್ಲಿರುತ್ತದೆ, ಮತ್ತು ಆ ವೆಚ್ಚದಲ್ಲಿ ಈ ಮನೆಯ ಪಾಲನ್ನು ಕಳೆದ ಮೇಲೆಯೇ ನನ್ನ ಲೆಕ್ಕ ಶುರುವಾಗುತ್ತದೆ.