7ಸಿ: ಮೌತ್‌ಪೀಸ್ ಮೇಲಿನ ನಂಬರ್ ಏನು ಹೇಳುತ್ತದೆ?

ಕಲಿಯುವವರಿಗೆಂದು ಮಾಡಿದ ಟ್ರಂಪೆಟ್ ಕೊಂಡರೆ ಅದರ ಜೊತೆಗೇ ಒಂದು ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ಬಿಡಿಭಾಗ, ಬರುತ್ತದೆ. ಅದರ ಮೇಲೆ ಹೆಚ್ಚಾಗಿ 7ಸಿ ಎಂದು ಕೆತ್ತಿರುತ್ತಾರೆ. ಇದು ಅಳತೆ. 7 ಅಂದರೆ ತುಟಿ ಕೂರುವ ಕಪ್‌ನ ಒಳಗಿನ ಅಗಲ, ಸಿ ಅಂದರೆ ಕಪ್‌ನ ಆಳ.

ಈ ಲೆಕ್ಕ ವಿನ್ಸೆಂಟ್ ಬಾಕ್ ಅವರದು. ಆಸ್ಟ್ರಿಯಾದಲ್ಲಿ ಹುಟ್ಟಿದ ಈ ಟ್ರಂಪೆಟ್ ವಾದಕರು 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮೌತ್‌ಪೀಸ್ ತಯಾರಿಸಲು ಶುರುಮಾಡಿದರು. ಅವರ ಪದ್ಧತಿಯಲ್ಲಿ ನಂಬರ್ ಕಡಿಮೆಯಾದಷ್ಟೂ ಕಪ್ ಹೆಚ್ಚು ಅಗಲ, ವೈರ್‌ನ ಗೇಜ್ ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ ಇರುವ ಹಾಗೆ. ಎ ಅಂದರೆ ತುಂಬಾ ಆಳ, ಸಿ ಮಧ್ಯಮ, ಇ ಅಂದರೆ ಆಳ ಕಡಿಮೆ. ಯಮಾಹಾ ಕಂಪನಿಯ ಮೌತ್‌ಪೀಸ್‌ಗಳಲ್ಲಿ ಇದೆಲ್ಲ ಉಲ್ಟಾ. ಅಲ್ಲಿ ನಂಬರ್ ಹೆಚ್ಚಿದರೆ ಅಗಲವೂ ಹೆಚ್ಚು, ಎ ಅಂದರೆ ಆಳ ಕಡಿಮೆ. ಹಾಗಾಗಿ ಬಾಕ್ 7ಸಿಗೆ ಹತ್ತಿರದ ಯಮಾಹಾ ಮೌತ್‌ಪೀಸ್ 11ಬಿ4. ಕೊನೆಯ 4 ಎನ್ನುವುದು ರಿಮ್‌ನ, ಅಂದರೆ ಅಂಚಿನ, ಆಕಾರ.

ಬರೀ ನಂಬರ್ ನೋಡಿ ಕೊಳ್ಳಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬಾಕ್ ಕಂಪನಿ ಕೊಡುವ ಅಳತೆಯಲ್ಲಿ 7ಸಿಯ ಅಗಲ 16.20 ಮಿಲಿಮೀಟರ್, 3ಸಿಯದು 16.30. ವ್ಯತ್ಯಾಸ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ ಅಷ್ಟೆ! ಆದರೂ ತುಟಿಗೆ ಎರಡೂ ಬೇರೆಬೇರೆ ಅನ್ನಿಸುತ್ತವೆ, ಯಾಕೆಂದರೆ ರಿಮ್‌ನ ಆಕಾರವೂ ಬೇರೆ. ಚೂಪಾದ ಒಳ ಅಂಚು ಸ್ವರವನ್ನು ಸ್ಪಷ್ಟವಾಗಿ ಶುರುಮಾಡಿಸುತ್ತದೆ, ಆದರೆ ತುಟಿಗೆ ಚುಚ್ಚಿದಂತಾಗಬಹುದು. ಅಗಲವಾದ ರಿಮ್ ಒತ್ತಡವನ್ನು ಹರಡುತ್ತದೆ, ಆದರೆ ತುಟಿಯ ಚಲನೆಯನ್ನು ಸ್ವಲ್ಪ ಕಟ್ಟಿಹಾಕುತ್ತದೆ.

ಅಗಲವನ್ನು ನಿಮ್ಮ ತುಟಿ, ಹಲ್ಲು ನೋಡಿ ಆರಿಸಬೇಕು. ದಪ್ಪ ತುಟಿಯವರಿಗೆ ಸಣ್ಣ ಕಪ್‌ನಲ್ಲಿ ತುಟಿ ಅದುರಲು ಜಾಗ ಸಾಲದೆ ಕೆಳಗಿನ ಸ್ವರಗಳು ಸೊರಗಬಹುದು. ಕಪ್ ಅತಿ ಅಗಲವಾದರೆ ತುಟಿ ಬೇಗ ಸೋಲುತ್ತದೆ, ಮೇಲಿನ ಸ್ವರಗಳು ಕಷ್ಟವಾಗುತ್ತವೆ. ಆಳವನ್ನು ಬೇಕಾದ ನಾದ ನೋಡಿ ಆರಿಸಬೇಕು. ಆಳ ಜಾಸ್ತಿ ಇದ್ದರೆ ನಾದ ತುಂಬಿಕೊಂಡು ಮೃದುವಾಗಿರುತ್ತದೆ, ಕಡಿಮೆ ಇದ್ದರೆ ಹರಿತವಾಗಿ ದೂರಕ್ಕೆ ಕೇಳುತ್ತದೆ.

ಇಲ್ಲೇ ಹೊಸಬರು ಎಡವುವುದು. ಮೇಲಿನ ಸ್ವರ ಬರುತ್ತಿಲ್ಲ ಅಂತ ಆಳ ಕಡಿಮೆ ಇರುವ ಕಪ್ ತರುತ್ತಾರೆ. ಒಂದೆರಡು ಸ್ವರ ಸುಲಭವಾಗಿ ಬರಲೂಬಹುದು. ಆದರೆ ನಾದ ತೆಳುವಾಗುತ್ತದೆ, ತುಟಿ ಕಪ್‌ನ ತಳಕ್ಕೆ ತಾಗಿದರೆ ಸ್ವರವೇ ನಿಂತುಹೋಗುತ್ತದೆ. ಮೇಲಿನ ಸ್ವರ ಬರುವುದು ಉಸಿರಿನ ಹಿಡಿತ ಮತ್ತು ತುಟಿಯ ಅಭ್ಯಾಸದಿಂದ. ಕಲಿಕೆಯ ಮೊದಲ ವರ್ಷಗಳಲ್ಲಿ 7ಸಿ ಅಥವಾ 5ಸಿ ಇಟ್ಟುಕೊಂಡು ಸುಮ್ನೆ ಅಭ್ಯಾಸ ಮಾಡಿ ಎನ್ನುವುದೇ ನನ್ನ ಸಲಹೆ.

ಬದಲಿಸಲೇಬೇಕಾದರೆ ಅಗಲ, ಆಳ ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಮೊದಲ ಐದು ನಿಮಿಷದ ಖುಷಿಯನ್ನೂ ನಂಬಬೇಡಿ, ಹೊಸದೆಲ್ಲ ಆಗ ಚೆನ್ನಾಗಿಯೇ ಅನ್ನಿಸುತ್ತದೆ. ತುಟಿ ದಣಿದ ಮೇಲೂ ನುಡಿಸಿ, ಟ್ಯೂನರ್ ಇಟ್ಟು ಶ್ರುತಿ ನೋಡಿ.

ಟ್ರೊಂಬೋನ್ ನುಡಿಸುವವರಿಗೆ ಇನ್ನೊಂದು ವಿಷಯ. 12ಸಿ, 6½ಎಎಲ್ ಎಂಬ ನಂಬರ್‌ಗಳ ಜೊತೆಗೆ ಶ್ಯಾಂಕ್, ಅಂದರೆ ವಾದ್ಯದೊಳಗೆ ಕೂರುವ ತುದಿ, ಸಣ್ಣದೋ ದೊಡ್ಡದೋ ಅಂತ ಮೊದಲು ಕೇಳಿ. ಸಣ್ಣ ಶ್ಯಾಂಕಿನ ವಾದ್ಯಕ್ಕೆ ದೊಡ್ಡದು ಹಿಡಿಸುವುದಿಲ್ಲ. ಟ್ರಂಪೆಟ್ ಮತ್ತು ಅದನ್ನೇ ಹೋಲುವ ಕಾರ್ನೆಟ್ ಎಂಬ ವಾದ್ಯದ ನಡುವೆಯೂ ಹಾಗೆಯೇ, ಒಂದರ ಮೌತ್‌ಪೀಸ್ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಬಲವಂತವಾಗಿ ತುರುಕಿದರೆ ಅಲ್ಲೇ ಸಿಕ್ಕಿಕೊಳ್ಳಬಹುದು, ಆಮೇಲೆ ತೆಗೆಯಲು ರಿಪೇರಿಯವರ ಹತ್ತಿರವೇ ಹೋಗಬೇಕು.